ಥಟ್ ತಾಳಿಯೂ ಒಂದು ಪಚ್ಚಬಾಳೆಯೂ

ಶಿಕಾರಿಪುರ ತಾಲ್ಲೂಕಿನಲ್ಲಿ ಡೇಟಾಬೇಸ್ ಅಂದರೆ ಏನು ಅಂತ ಸರಿಯಾಗಿ ಗೊತ್ತಿರುವವನು ನಾನೊಬ್ಬನೇ ಎಂದು ನಂಬಿದ್ದೆ. ಹಾಗೆ ನಂಬಿದ್ದವನೂ ನಾನೊಬ್ಬನೇ.

ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಅಂಗಡಿ ಇದೆ. ಬೋರ್ಡಿನ ಮೇಲೆ 'ಸಾಫ್ಟ್‌ವೇರ್ ಅಭಿವೃದ್ಧಿ' ಎಂದು ದೊಡ್ಡದಾಗಿಯೂ 'ಜೆರಾಕ್ಸ್, ಲ್ಯಾಮಿನೇಷನ್' ಎಂದು ಚಿಕ್ಕದಾಗಿಯೂ ಬರೆಸಿದ್ದೇನೆ. ಜನ ಚಿಕ್ಕದನ್ನು ಮಾತ್ರ ಓದುತ್ತಾರೆ. ಆದರೂ ದೊಡ್ಡಕ್ಷರಕ್ಕೆ ಆಧಾರವಾಗಿ ಒಂದು ಸಾಫ್ಟ್‌ವೇರ್ ಬರೆದಿದ್ದೆ. ಹೆಸರು 'ಬೀಗತನ'. ನಮ್ಮ ಸಮಾಜದ ವಧು-ವರರ ಕೇಂದ್ರಕ್ಕೆ ಮಾಡಿಕೊಟ್ಟದ್ದು. ಸುತ್ತಲಿನ ತಾಲ್ಲೂಕುಗಳ ಮದುವೆ ವಯಸ್ಸಿನ ಹುಡುಗ ಹುಡುಗಿಯರ ವಿವರವೆಲ್ಲ ಅದರಲ್ಲಿ ಕೂತಿದೆ. ಒಬ್ಬ ಹುಡುಗನ ಹೆಸರು ಒತ್ತಿದರೆ ಅವನಿಗೆ ಹೊಂದುವ ಹುಡುಗಿಯರು ಸಾಲಾಗಿ ಬರುತ್ತಾರೆ.

ಸಾಲಾಗಿ ಬರುತ್ತಾರೆ, ಆದರೆ ಓಡಿ ಬರುವುದಿಲ್ಲ. ಯಾಕೆಂದರೆ ಬೀಗತನ ಪ್ರತಿಯೊಂದು ಹುಡುಗಿಗೂ ಮೂರು ತಪಾಸಣೆ ಮಾಡುತ್ತದೆ. ಮೊದಲನೆಯದು ಬೆಡಗು. ಬೆಡಗು ಅಂದರೆ ಮನೆತನದ ಮೂಲದ ಗುರುತು. ಒಂದೇ ಬೆಡಗಿನವರು ಎಷ್ಟೇ ದೂರದ ಊರಿನಲ್ಲಿದ್ದರೂ ಅಣ್ಣ-ತಂಗಿ ಲೆಕ್ಕ, ಮದುವೆ ಆಗುವ ಹಾಗಿಲ್ಲ. ಎರಡನೆಯದು ತಾಯಿ ಕಡೆಯ ನಂಟು. ಸೋದರಮಾವನ ಮಗಳಾದರೆ ಕಣ್ಣು ಮುಚ್ಚಿ ತರಬಹುದು, ಚಿಕ್ಕಮ್ಮನ ಮಗಳಾದರೆ ಕನಸಿನಲ್ಲೂ ನೆನೆಸಬಾರದು. ಮೂರನೆಯದು, ಹುಡುಗಿಗೆ ಈಗಾಗಲೇ ಮದುವೆ ಆಗಿದೆಯೋ ಎಂದು. ಮದುವೆ ಆದವರ ವಿವರವನ್ನೂ ನಾವು ಅಳಿಸುವುದಿಲ್ಲ. 'ಆಯಿತು' ಎಂದು ಗುರುತು ಹಾಕಿ ಒಳಗೇ ಇಟ್ಟಿರುತ್ತೇವೆ. ಕೇಂದ್ರ ಎಷ್ಟು ಮದುವೆ ಮಾಡಿಸಿತು ಎಂದು ಭಾಷಣದಲ್ಲಿ ಹೇಳಬೇಕಲ್ಲ.

ಇಷ್ಟನ್ನೂ ನೋಡಿ ಬರುವ ತನಕ ಪರದೆಯ ಮೇಲೆ ಬಾಸಿಂಗದ ಚಿತ್ರವೊಂದು ಗರಗರ ತಿರುಗುತ್ತಿರುತ್ತದೆ. ಯಾರೂ ದೂರು ಹೇಳಿರಲಿಲ್ಲ. ಹೆಣ್ಣು ಹುಡುಕಿ ವರ್ಷಗಟ್ಟಲೆ ಚಪ್ಪಲಿ ಸವೆಸಿದವರಿಗೆ ಇನ್ನೊಂದು ನಿಮಿಷ ಯಾವ ಲೆಕ್ಕ?

ಹೀಗೆ ನೆಮ್ಮದಿಯಾಗಿದ್ದ ನನ್ನ ಬಾಳಿಗೆ ಸೊರಬದ ಉಮಾಪತಿ ಎಂಬ ಆಸಾಮಿ ಬಾಳೆಹಣ್ಣು ಹಿಡಿದುಕೊಂಡು ಬಂದ.

ಆ ದಿನ ಬೆಳಗ್ಗೆ ಹೆಂಡತಿ ಗಿರಿಜಾ ಮೊಬೈಲನ್ನು ನನ್ನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. ಬೀಗತನಕ್ಕೆ ವಿವರ ತುಂಬಿಸುವವಳು ಅವಳೇ. ಮನೆಮನೆಗೆ ಫೋನ್ ಮಾಡಿ 'ನಿಮ್ಮ ಬೆಡಗು ಯಾವ್ದ್ರಿ, ತಾಯಿ ತವರುಮನಿ ಯಾವೂರ್ರಿ' ಎಂದು ವಿಚಾರಿಸುತ್ತಾಳೆ.

"ನೋಡ್ರಿ ಇಲ್ಲಿ. ಸಮಾಜದ ಗ್ರೂಪ್‌ನಾಗ ಬಂದೈತಿ. ನಿಮ್ ಮರ್ಯಾದಿ ತಿಂತಾ ಕುಂತಾನ."

ವಿಡಿಯೊದಲ್ಲಿ ಎರಡು ಕಂಪ್ಯೂಟರ್ ಅಕ್ಕಪಕ್ಕ ಇದ್ದವು. ಒಂದರ ಮೇಲೆ 'ಥಟ್ ತಾಳಿ' ಎಂದು ಬಣ್ಣದ ಅಕ್ಷರದಲ್ಲಿ ಬರೆದಿತ್ತು. ಅದು ಉಮಾಪತಿಯ ಹೊಸ ಸಾಫ್ಟ್‌ವೇರ್. ಇನ್ನೊಂದರ ಮೇಲೆ ನನ್ನ ಬೀಗತನ. ಕೇಂದ್ರದ ಸೊರಬ ಶಾಖೆಗೆ ನಾನೇ ಹಾಕಿಕೊಟ್ಟದ್ದು. ಉಮಾಪತಿ ಎರಡರಲ್ಲೂ ಒಬ್ಬನೇ ಹುಡುಗನ ಹೆಸರು ಒತ್ತಿದ. ಥಟ್ ತಾಳಿಯಲ್ಲಿ ಸೀನು ಬಂದು ಹೋಗುವುದರೊಳಗೆ ಹುಡುಗಿ ಬಂದಳು. ಬೀಗತನದಲ್ಲಿ ಬಾಸಿಂಗ ತಿರುಗತೊಡಗಿತು. ಉಮಾಪತಿ ಕ್ಯಾಮೆರಾ ನೋಡಿ ನಕ್ಕು, ಒಂದು ಬಾಳೆಹಣ್ಣು ಕೈಗೆತ್ತಿಕೊಂಡ. ನಿಧಾನವಾಗಿ ಸಿಪ್ಪೆ ಸುಲಿದ. ತಿಂದ. ಸಿಪ್ಪೆಯನ್ನು ಎದ್ದು ಹೋಗಿ ಬುಟ್ಟಿಗೆ ಹಾಕಿ ಬಂದ. ಬಾಸಿಂಗ ಇನ್ನೂ ತಿರುಗುತ್ತಿತ್ತು.

"ಇದಪ್ಪಾ ಬೆಂಚ್‌ಮಾರ್ಕ್ ಅಂದ್ರೆ. ಇವ್ರದ್ರಲ್ಲಿ ಹುಡುಗಿ ಬರೋದ್ರೊಳಗೆ ಹುಡುಗಂಗೆ ವಯಸ್ಸಾಗ್ತದೆ ಮಾರಾಯ್ರೆ," ಅಂದ.

ಗ್ರೂಪಿನಲ್ಲಿ ನಗುವ ಮುಖಗಳ ಸಂತೆ ನೆರೆದಿತ್ತು. ನನ್ನ ಸ್ವಂತ ಷಡ್ಡಕ ನಾಲ್ಕು ಮುಖ ಹಾಕಿದ್ದ.

ನಾನು ವೈಜ್ಞಾನಿಕ ಮನೋಭಾವದ ಮನುಷ್ಯ. ಕೋಪ ಮಾಡಿಕೊಳ್ಳದೆ ವಿಡಿಯೊವನ್ನು ತಡೆತಡೆದು ನೋಡಿದೆ. ನೋಡುತ್ತಿದ್ದಂತೆ ಮೋಸ ಕಣ್ಣಿಗೆ ಬಿತ್ತು. ಬೀಗತನ ಓಡುತ್ತಿದ್ದ ಯಂತ್ರ ಶಾಖೆಯ ಮುದಿ ಕಂಪ್ಯೂಟರ್. ಅದನ್ನು ಚಾಲೂ ಮಾಡಿದರೆ ಫ್ಯಾನಿನ ಸದ್ದಿಗೆ ಪಕ್ಕದ ಮನೆಯವರು ಹಿಟ್ಟಿನ ಗಿರಣಿ ಬಂತು ಅಂದುಕೊಳ್ಳುತ್ತಾರೆ. ಥಟ್ ತಾಳಿಯದ್ದು ಹೊಚ್ಚ ಹೊಸ ಲ್ಯಾಪ್‌ಟಾಪ್, ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಇದಾದರೂ ಹೋಗಲಿ. ಥಟ್ ತಾಳಿ ಕೊಟ್ಟ ಹುಡುಗಿಯ ವಿವರವನ್ನು ದೊಡ್ಡದು ಮಾಡಿ ನೋಡಿದೆ. ಹುಡುಗನ ಬೆಡಗೂ ಹುಡುಗಿಯ ಬೆಡಗೂ ಒಂದೇ.

"ಗಿರಿಜಾ, ಈ ಪುಣ್ಯಾತ್ಮ ಅಣ್ಣನಿಗೆ ತಂಗಿಯನ್ನ ಗಂಟು ಹಾಕಿದಾನೆ. ತಪಾಸಣೆಯನ್ನೇ ಮಾಡಿಲ್ಲ. ಅದಕ್ಕೇ ಇಷ್ಟು ವೇಗ."

ಅವಳು ಇಣುಕಿದಳು. "ಹೌದಲ್ರಿ. ಹಂಗಾರ ಹಾಲೇಶಪ್ಪೋರಿಗೆ ಒಂದ್ ಫೋನ್ ಮಾಡಿ ಇಷ್ಟು ಹೇಳ್ರಿ. ಮುಗೀತು."

ಕೇಂದ್ರದ ಅಧ್ಯಕ್ಷರು ತೊಗರ್ಸಿಯ ಹಾಲೇಶಪ್ಪನವರು. ಅವರಿಗೆ ಒಂದು ಫೋನ್ ಮಾಡಿ ಒಂದು ವಾಕ್ಯ ಹೇಳಿದ್ದರೆ ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದು ವಿದ್ಯಾವಂತರ ಲಕ್ಷಣವೇ?

ನಾನು ಖಂಡನೆ ಬರೆದೆ. 'ಸೊರಬದಿಂದ ಪ್ರಸಾರವಾಗಿರುವ ದಾರಿ ತಪ್ಪಿಸುವ ವೇಗಪರೀಕ್ಷೆಯ ಕುರಿತು ಒಂದು ಸವಿವರ ಸ್ಪಷ್ಟೀಕರಣ' ಎಂದು ಶೀರ್ಷಿಕೆ ಕೊಟ್ಟೆ. ಎರಡು ಯಂತ್ರಗಳು ಸಮಾನವಾಗಿರಬೇಕಾದ ಅಗತ್ಯ, ಮಾಹಿತಿಯ ಪ್ರಮಾಣ, ಪರೀಕ್ಷಕನ ನಿಷ್ಪಕ್ಷಪಾತ, ಎಲ್ಲವನ್ನೂ ವಿವರಿಸಿದೆ. ಬಾಳೆಹಣ್ಣಿಗೇ ಒಂದು ಪರಿಚ್ಛೇದ ಮೀಸಲಿಟ್ಟೆ. 'ಸದರಿ ಪರೀಕ್ಷೆಯಲ್ಲಿ ಕಾಲಮಾಪನಕ್ಕೆ ಬಳಸಿದ ಹಣ್ಣು ಪುಟ್ಟಬಾಳೆಯಾಗಿರದೆ ಉದ್ದನೆಯ ಪಚ್ಚಬಾಳೆಯಾಗಿದ್ದು, ತಿನ್ನುವವರು ಬೇಕೆಂದೇ ನಿಧಾನವಾಗಿ ಅಗಿದಿರುವುದು ಕಂಡುಬರುತ್ತದೆ' ಎಂದು ಬರೆದೆ. ಬೆಡಗಿನ ವಿಷಯ ಕೊನೆಗೆ ಬಂತು. ಅಷ್ಟು ಹೊತ್ತಿಗೆ ಮೊಬೈಲ್ ಪರದೆ 'ಇನ್ನಷ್ಟು ಓದಿ' ಎಂದು ಅದನ್ನು ಮುಚ್ಚಿಬಿಟ್ಟಿತ್ತು.

ಇನ್ನಷ್ಟು ಯಾರೂ ಓದಲಿಲ್ಲ. ಮೊದಲನೆಯ ಉತ್ತರ ಗುಲಾಬಿ ಹೂವಿನ ಶುಭೋದಯ. ಎರಡನೆಯವರು 'ಓಂ ಶಾಂತಿ' ಹಾಕಿದರು. ಇಷ್ಟು ಉದ್ದ ಇದ್ದದ್ದು ನೋಡಿ ಯಾರೋ ತೀರಿಕೊಂಡಿದ್ದಾರೆ ಅಂದುಕೊಂಡಿರಬೇಕು. ಅವರ ಹಿಂದೆ ಇನ್ನೂ ಐದಾರು ಜನ ಕೈ ಮುಗಿದರು. ಮಧ್ಯಾಹ್ನ ಈಸೂರಿನ ಒಬ್ಬ ಹಿರಿಯರು ಅಂಗಡಿಗೆ ಫೋನ್ ಮಾಡಿ, "ಪಚ್ಚಬಾಳೆ ಕೆಜಿ ಹೆಂಗಪಾ?" ಎಂದು ಕೇಳಿದರು.

ಸಂಜೆ ಹಾಲೇಶಪ್ಪನವರೇ ಫೋನ್ ಮಾಡಿದರು.

"ಪ್ರಕಾಶಾ, ಏನೋ ಬರ್ದೀಯಂತೆ. ನಂಗೆ ಕನ್ನಡಕ ಸಾಲ್ದು, ಓದಿಲ್ಲ. ನೋಡಪಾ, ಜನ ಆ ಹುಡುಗಂದೇ ಹಾಕ್ಸಿ ಅಂತಾರ. ಬರೋ ಭಾನುವಾರ ನಮ್ಮ ವಧು-ವರರ ಸಮಾವೇಶ ಐತಲ್ಲ, ಅಲ್ಲೇ ಎಲ್ಲಾರ ಮುಂದ ಇಬ್ರೂ ತೋರ್ಸಿಬಿಡ್ರಿ. ಯಾರ್ದು ಚಲೋ ಐತಿ ಅದನ್ನ ಇಟ್ಕಂತೀವಿ."

"ಅಣ್ಣಾ, ಅವನು ಬೆಡಗೇ ನೋಡೋದಿಲ್ಲ..."

"ಅದನ್ನೂ ಅಲ್ಲೇ ತೋರ್ಸು ತಮ್ಮಾ. ಎಲ್ಲಾರೂ ನೋಡ್ಲಿ. ಇಡ್ಲೇನು?"

ಫೋನ್ ಇಟ್ಟರು. ನಾನು ಬೋರ್ಡನ್ನೊಮ್ಮೆ ನೋಡಿದೆ. ಕೇಂದ್ರ ಕೈಬಿಟ್ಟರೆ ಬೋರ್ಡಿನ ದೊಡ್ಡಕ್ಷರಗಳಿಗೆ ಬಣ್ಣ ಬಳಿದು, ಚಿಕ್ಕಕ್ಷರಗಳನ್ನು ಮಾತ್ರ ಉಳಿಸಿಕೊಳ್ಳಬೇಕಾಗುತ್ತಿತ್ತು. ನನಗಿದ್ದ ಸಾಫ್ಟ್‌ವೇರ್ ಗಿರಾಕಿ ಅದೊಂದೇ.

ಶತ್ರುವಿನ ಬಲಾಬಲ ತಿಳಿಯದೆ ಯುದ್ಧಕ್ಕೆ ಹೋಗಬಾರದು ಎಂಬ ಜ್ಞಾನ ನನಗೆ ಆಗ ಉಂಟಾಯಿತು. ಹೆಣ್ಣಿನ ತಂದೆಯ ವೇಷದಲ್ಲಿ ಉಮಾಪತಿಯ ಅಂಗಡಿಗೆ ಹೋಗಿ, ಥಟ್ ತಾಳಿಯನ್ನು ಹತ್ತಿರದಿಂದ ನೋಡಿ ಬರುವುದು ಎಂದು ತೀರ್ಮಾನಿಸಿದೆ. ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಹಣೆಗೆ ಎಂದಿಗಿಂತ ಅಗಲವಾಗಿ ವಿಭೂತಿ ಬಳಿದುಕೊಂಡೆ.

"ಯಾವ್ ನಾಟಕದ್ರಿ?" ಎಂದು ಕೇಳಿದಳು ಗಿರಿಜಾ.

"ಗುಪ್ತ ತನಿಖೆ."

"ಪಂಚೆ ಒಂದ್ ಕೈಯಾಗ ಹಿಡ್ಕಂಡಿರ್ರಿ. ತನಿಖೆ ಎಲ್ಲಾರಿಗೂ ಕಂಡೀತು."

ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಸೊರಬ ತಲುಪಿದೆ. ಉಮಾಪತಿಯ ಅಂಗಡಿ ಹುಡುಕುವ ಕಷ್ಟವೇ ಇರಲಿಲ್ಲ. ಬಾಗಿಲ ಮುಂದೆ ಬಾಳೆಗೊನೆ ನೇತುಹಾಕಿದ್ದ. ವಿಡಿಯೊ ಹೆಸರು ಮಾಡಿದ ಮೇಲೆ ಬಂದವರಿಗೆಲ್ಲ ಒಂದೊಂದು ಹಣ್ಣು ಕೊಡುತ್ತಿದ್ದನಂತೆ. ನಾಚಿಕೆಗೆಟ್ಟ ಜನ ವ್ಯಾಪಾರದಲ್ಲಿ ಬೇಗ ಮುಂದೆ ಬರುತ್ತಾರೆ.

ನಾನು ಗಂಭೀರವಾಗಿ ಒಳಗೆ ಹೋಗಿ, "ಮಗಳಿಗೆ ಗಂಡು ನೋಡಬೇಕಿತ್ತು," ಅಂದೆ.

ಉಮಾಪತಿ ಎದ್ದು ನಿಂತು ಕೈ ಮುಗಿದ. "ಬನ್ನಿ ಪ್ರಕಾಶಣ್ಣ, ಕೂತ್ಕಳಿ. ಬಸ್ಸಲ್ಲಿ ಬಂದ್ರಾ? ಹಣ್ಣು ತಗಳಿ."

"ನಾನು ಯಾರು ಅಂತ..."

"ನಿಮ್ ಬೀಗತನ ತೆಗೆದ ಕೂಡ್ಲೆ ನಿಮ್ದೇ ಫೋಟೊ ಬರ್ತದಲ್ಲ ಮಾರಾಯ್ರೆ. ಬಾಸಿಂಗ ತಿರುಗೋ ಅಷ್ಟು ಹೊತ್ತೂ ನಿಮ್ಮ ಮುಖ ನೋಡಿದೀನಿ. ಮರೆಯೋಕಾಗ್ತದಾ?"

ವೇಷ ಕಳಚಿದ ಮೇಲೆ ವೀರಾವೇಶವೊಂದೇ ದಾರಿ. ನಾನು ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡು ಅವನಿಗೆ ಛೀಮಾರಿ ಹಾಕಿದೆ. ತಪಾಸಣೆ ಇಲ್ಲದ ವೇಗ ವೇಗವೇ ಅಲ್ಲ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡುವವನು ಓಟಗಾರನಲ್ಲ, ಎಂದೆ. ಬೆಡಗು ಎಂದರೇನು, ತಾಯಿ ಕಡೆಯ ನಂಟನ್ನು ಎಷ್ಟು ತಲೆಮಾರಿನ ತನಕ ನೋಡಬೇಕು, ಮದುವೆಯಾದವರನ್ನು ಮೊದಲೇ ಬೇರ್ಪಡಿಸದಿದ್ದರೆ ಏನೇನು ಅನಾಹುತ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಯಾವುದರ ನಂತರ ಯಾವುದನ್ನು ನೋಡಿದರೆ ಕೆಲಸ ಹಗುರಾಗುತ್ತದೆ ಎಂಬ ಕಸುಬಿನ ಗುಟ್ಟನ್ನೂ ಕೋಪದ ಭರದಲ್ಲಿ ಹೇಳಿದೆ. ಅವನ ಬಾಯಿ ಮುಚ್ಚಿತ್ತು. ಪೆನ್ನು ಓಡುತ್ತಿತ್ತು.

"ಅಂದ್ರೆ ಮದುವೆ ಆದೋರ್ನ ಮೊದ್ಲು ತೆಗೆದು, ಆಮೇಲೆ ಬೆಡಗು. ಅಲ್ದಾ?"

"ಮತ್ತೆ? ಅಷ್ಟೂ ಗೊತ್ತಿಲ್ಲವಾ ನಿನಗೆ?"

"ಗೊತ್ತಿರ್ಲಿಲ್ಲ ಪ್ರಕಾಶಣ್ಣ. ಯಾರೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ಇನ್ನೊಂದ್ ಹಣ್ಣು ತಗಳಿ."

ತಗೊಂಡೆ. ಅವನು ನನ್ನ ಮುಂದೆ ಕುಗ್ಗಿಹೋದ ಎಂದೇ ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೀಗಿದೆ. ಶತ್ರುವಿನ ಮನೆಗೇ ಹೋಗಿ ಅವನ ಕತ್ತಿಗೆ ಸಾಣೆ ಹಿಡಿದುಕೊಟ್ಟು, ಕೂಲಿಗೆ ಎರಡು ಬಾಳೆಹಣ್ಣು ತಿಂದು ಬಂದವನನ್ನು ಇತಿಹಾಸ ಏನೆಂದು ಕರೆಯುತ್ತದೋ ಆಗ ತಿಳಿಯಲಿಲ್ಲ.

ಆದರೆ ಭಾನುವಾರ ಹತ್ತಿರ ಬಂದ ಹಾಗೆ ಇನ್ನೊಂದು ಹುಳ ತಲೆ ಹೊಕ್ಕಿತು. ಜನರಿಗೆ ಬೆಡಗಿನ ಸೂಕ್ಷ್ಮ ಪರದೆಯ ಮೇಲೆ ಕಾಣುತ್ತದೆಯೇ? ಅವರಿಗೆ ಕಾಣುವುದು ಬಾಸಿಂಗ ತಿರುಗುವುದೊಂದೇ. ಉಮಾಪತಿ ಥಟ್ಟನೆ ತೋರಿಸಿ ಕೂರುತ್ತಾನೆ, ನಂದು ತಿರುಗುತ್ತಲೇ ಇರುತ್ತದೆ. ಸಭೆಯಲ್ಲಿ ಯಾರೋ ಒಬ್ಬ ಜೇಬಿನಿಂದ ಬಾಳೆಹಣ್ಣು ತೆಗೆಯುತ್ತಾನೆ. ಮುಗಿಯಿತು ನನ್ನ ಕಥೆ.

ಶನಿವಾರ ಊಟವಾದ ಮೇಲೆ ಅಂಗಡಿಯಲ್ಲಿ ಕೂತು ಬೀಗತನಕ್ಕೆ ಒಂದು ಹೊಸ ಗುಂಡಿ ಸೇರಿಸಿದೆ. 'ಶರವೇಗ' ಎಂದು ಹೆಸರಿಟ್ಟೆ. ಅದನ್ನು ಒತ್ತಿದರೆ ಮೂರೂ ತಪಾಸಣೆ ಬದಿಗೆ ಸರಿಯುತ್ತವೆ. ಊರು, ಓದು, ಎತ್ತರ, ಮನೆತನದ ಅಂತಸ್ತು, ಇವಿಷ್ಟೇ ಹೋಲಿಸಿ ಉತ್ತರ ಬರುತ್ತದೆ. ಒತ್ತಿ ನೋಡಿದೆ. ಬೆರಳು ಎತ್ತುವ ಮೊದಲೇ ಹುಡುಗಿ ಹಾಜರ್. ಈಸೂರಿನ ಒಬ್ಬ ಮೇಷ್ಟ್ರ ಹೆಸರಿನಲ್ಲಿ ನೋಡಿದ್ದೆ. ಅವರಿಗೆ ಬಂದ ಹುಡುಗಿ ಯಾವ ನಂಟೂ ಇಲ್ಲದವಳು, ಮದುವೆಯೂ ಆಗದವಳು. ಒಂದು ಸಲ ಸರಿ ಬಂದರೆ ಯಾವಾಗಲೂ ಸರಿ ಬರುತ್ತದೆ ಎಂದು ನಂಬುವುದಕ್ಕೆ ನಮ್ಮ ಕಸುಬಿನಲ್ಲಿ ಪರೀಕ್ಷೆ ಎನ್ನುತ್ತಾರೆ.

ಗಿರಿಜಾ ಹಿಂದೆ ಬಂದು ನಿಂತಿದ್ದಳು.

"ಏನ್ರಿ ಅದು ಶರವೇಗ?"

ಹೇಳಿದೆ.

"ಅಂವ ಮಾಡಿದ್ದು ಮೋಸ ಅಂತ ಇಷ್ಟುದ್ದ ಬರದ್ರಿ. ನೀವು ಮಾಡಿದ್ರ ಇದೇನ್ರಿ?"

"ತಾತ್ಕಾಲಿಕ ತಾಂತ್ರಿಕ ಹೊಂದಾಣಿಕೆ. ನಾಳೆ ಒಂದು ದಿನಕ್ಕೆ ಮಾತ್ರ. ಕೇಂದ್ರ ನಮ್ಮ ಹತ್ರಾನೇ ಉಳಿದ ಮೇಲೆ ಗುಂಡಿ ತೆಗೆದುಬಿಡ್ತೀನಿ."

"ನಾ ಮನಿಮನಿಗೆ ಫೋನ್ ಮಾಡಿ ಬೆಡಗು ಕೇಳಿದ್ದು ಮತ್ಯಾಕ್ರಿ? ಊರೋರ ಸುದ್ದಿ ಕೇಳಾಕೇನು?"

ಸಂದರ್ಭದ ಸೂಕ್ಷ್ಮ ಅವಳಿಗೆ ಅರ್ಥವಾಗಲಿಲ್ಲ ಎಂದು ನಾನು ಸುಮ್ಮನಾದೆ. ನನಗೆ ಏನೂ ಉತ್ತರ ಹೊಳೆಯದಿದ್ದಾಗ ಸಂದರ್ಭ ಸೂಕ್ಷ್ಮವಾಗುತ್ತದೆ.

ಭಾನುವಾರ ಶಿಕಾರಿಪುರದ ಕಲ್ಯಾಣಮಂಟಪ ಕಿಕ್ಕಿರಿದಿತ್ತು. ಮುಂದಿನ ಸಾಲುಗಳಲ್ಲಿ ಇಸ್ತ್ರಿ ಮಾಡಿದ ಹುಡುಗರು, ಮುಡಿ ತುಂಬ ಮಲ್ಲಿಗೆ ಮುಡಿದ ಹುಡುಗಿಯರು. ಹಿಂದೆ ಅವರನ್ನು ಹೆತ್ತವರು. ಅವರ ಹಿಂದೆ, ಉಪ್ಪಿಟ್ಟು ಕೇಸರಿಬಾತು ಎಲ್ಲಿ ಕೊಡುತ್ತಾರೆ ಎಂದು ನೋಡುತ್ತಿದ್ದ ಉಳಿದ ಸಮಾಜ. ವೇದಿಕೆಯ ಮೇಲೆ ದೊಡ್ಡ ಪರದೆ ಕಟ್ಟಿದ್ದರು. ಹಾಲೇಶಪ್ಪನವರು ಮೈಕ್ ಹಿಡಿದು, "ಇವತ್ತು ಎರಡು ಮಷಿನ್ ಕುಸ್ತಿ ಐತಿ, ಗೆದ್ದೋರಿಗೆ ನಮ್ ಕೇಂದ್ರ," ಎಂದು ಉದ್ಘಾಟಿಸಿದರು.

ಉಮಾಪತಿಗೆ ಮೊದಲ ಸರದಿ. "ಯಾರ ಹೆಸ್ರು ಹಾಕೋಣ ಅಧ್ಯಕ್ಷರೇ?" ಎಂದು ಕೇಳಿದ.

"ನಮ್ ಹುಡುಗಂದೇ ಹಾಕು. ಮಂಜುನಾಥ. ಅವಂಗೂ ನೋಡಬೇಕಲ್ಲ." ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಮಗ ನಾಚಿ ಮೊಬೈಲ್ ನೋಡಿದ.

ಉಮಾಪತಿ ಹೆಸರು ಒತ್ತಿದ. ಏನೂ ಬರಲಿಲ್ಲ. ಪರದೆಯ ಮೇಲೆ ಒಂದು ತಾಳಿಯ ಚಿತ್ರ ಅತ್ತಿತ್ತ ತೂಗಾಡತೊಡಗಿತು. ತೂಗಾಡಿತು, ಇನ್ನೂ ತೂಗಾಡಿತು. ಸಭೆ ಗುಜುಗುಜು ಎಂದಿತು. ನನ್ನ ಎದೆ ಉಬ್ಬಿತು. ಥಟ್ ತಾಳಿ ಥಟ್ ಅನ್ನುತ್ತಿಲ್ಲ. ಎಲ್ಲರ ಎದುರು ಕೆಟ್ಟು ನಿಂತಿದೆ.

ಉಮಾಪತಿ ಗಾಬರಿಯಾಗಲಿಲ್ಲ. ಮೈಕ್ ತೆಗೆದುಕೊಂಡ.

"ಕ್ಷಮಿಸಿ ಮಾರಾಯ್ರೆ, ಸ್ವಲ್ಪ ತಡ ಆಗ್ತದೆ. ಮೊನ್ನೆ ವಿಡಿಯೊದಲ್ಲಿ ನಾನು ಬೆಡಗು ನೋಡ್ದೆ ತೋರ್ಸಿಬಿಟ್ಟಿದ್ದೆ. ನಮ್ಮ ಪ್ರಕಾಶಣ್ಣೋರು ಸೊರಬದವರೆಗೆ ಬಂದು ತಪ್ಪು ತಿಳ್ಸಿ, ಹೆಂಗೆ ಮಾಡ್ಬೇಕು ಅಂತ ಕೂತು ಹೇಳ್ಕೊಟ್ರು. ದೊಡ್ಡ ಮನುಷ್ಯ್ರು. ಅವ್ರು ಹೇಳಿದ್ ಹಂಗೇ ಮಾಡಿದೀನಿ."

ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಾಗ ಬೆವರು ಬಂದದ್ದು ನನ್ನ ಜೀವಮಾನದಲ್ಲೇ ಅದು ಮೊದಲು.

ತಾಳಿ ನಿಂತಿತು. ಹಾನಗಲ್ ಕಡೆಯ ಒಬ್ಬ ಹುಡುಗಿಯ ವಿವರ ಬಂತು. ಬೆಡಗು ಬೇರೆ, ತಾಯಿ ಕಡೆ ನಂಟು ಇಲ್ಲ, ಮದುವೆ ಆಗಿಲ್ಲ ಎಂದು ಮೂರು ಹಸಿರು ಗುರುತು. ಹಾಲೇಶಪ್ಪನವರ ಹೆಂಡತಿ ಕನ್ನಡಕ ಏರಿಸಿಕೊಂಡು, "ಹುಡುಗಿ ಲಕ್ಷಣಾಗ್ಯಾಳ," ಎಂದರು.

ಈಗ ನನ್ನ ಸರದಿ. ಮರ್ಯಾದೆಯಾಗಿ ಹಳೆಯ ಗುಂಡಿಯನ್ನೇ ಒತ್ತಬಹುದಿತ್ತು. ಬೀಗತನವೂ ನಿಧಾನವಾಗಿ ತಿರುಗಿ, ಅದೇ ಹುಡುಗಿಯನ್ನೋ ಅವಳಂಥವಳನ್ನೋ ತೋರಿಸುತ್ತಿತ್ತು. ಗುರು ಶಿಷ್ಯರು ಸಮ ಎಂದು ಸಭೆ ಒಪ್ಪುತ್ತಿತ್ತು. ಹಳೆಯ ಗಿರಾಕಿ ಎಂದು ಕೇಂದ್ರ ನನಗೇ ಉಳಿಯುತ್ತಿತ್ತು. ಗಿರಿಜಾ ಎರಡನೇ ಸಾಲಿನಿಂದ ಬೆರಳಾಡಿಸಿ, ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಳು. ಆದರೆ ಶತ್ರು ನಿಧಾನವಾಗಿದ್ದಾನೆ. ನನ್ನ ಹತ್ತಿರ ಶರವೇಗ ಇದೆ. ಇಂಥ ಘಳಿಗೆ ಮತ್ತೆ ಬರುತ್ತದೆಯೇ?

"ಮಹನೀಯರೇ," ಎಂದೆ ನಾನು ಮೈಕಿನಲ್ಲಿ, "ಬಾಳೆಹಣ್ಣು ಸುಲಿಯುವುದಕ್ಕೂ ಸಮಯ ಕೊಡುವುದಿಲ್ಲ. ನೋಡಿ."

ಒತ್ತಿದೆ.

ಮಿಂಚಿನ ಹಾಗೆ ಬಂತು. ಮಂಜುನಾಥನ ಫೋಟೊ, ಪಕ್ಕದಲ್ಲಿ ಒಬ್ಬ ಹುಡುಗಿಯ ಫೋಟೊ, ನಡುವೆ ಎರಡು ಹೂಮಾಲೆ. ಕೆಳಗೆ 'ಅತ್ಯಂತ ಸೂಕ್ತ ಜೋಡಿ' ಎಂದು ಬಂಗಾರದ ಅಕ್ಷರ. ಹಿನ್ನೆಲೆಯಲ್ಲಿ ನಾದಸ್ವರ. ಅದನ್ನು ನಾನೇ ಮುತುವರ್ಜಿಯಿಂದ ಜೋಡಿಸಿದ್ದೆ.

ಸಭೆ ಸ್ತಬ್ಧವಾಯಿತು. ವೇಗಕ್ಕೆ ಬೆರಗಾದರು ಎಂದುಕೊಂಡೆ. ಆಮೇಲೆ ಹುಡುಗಿಯರ ಸಾಲಿನಲ್ಲಿ ಒಬ್ಬಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡದ್ದು ಕಂಡಿತು. ಪರದೆಯ ಮೇಲಿದ್ದ ಹುಡುಗಿ ಅವಳೇ. ಅವಳ ಪಕ್ಕದಿಂದ ಹಾಲೇಶಪ್ಪನವರ ಮುದಿ ತಾಯಿ ಗೋಡೆ ಹಿಡಿದು ಎದ್ದರು.

"ಏ ತಮ್ಮಾ, ಅಕಿ ನಮ್ ಸಣ್ಣ ಮಗನ ಮಗಳೋ. ಪಂಚಮಿಗೆ ಅಕಿಗೆ ಜೋಕಾಲಿ ಕಟ್ಟಿದ್ದೇ ಈ ಮಂಜ. ಅಣ್ಣಗೆ ತಂಗಿ ತರ್ತೀಯೇನೋ, ನಿನ್ ಮಷಿನ್‌ಗೆ ಬೆಂಕಿ ಬೀಳ."

ಆಗ ನನಗೆ ವಿಜ್ಞಾನ ಹೊಳೆಯಿತು. ಊರು ಒಂದೇ ಇರಬೇಕು, ಓದು ಸಮ ಇರಬೇಕು, ಎತ್ತರ ಹೊಂದಬೇಕು, ಮನೆತನ ತಕ್ಕದ್ದಿರಬೇಕು. ತಪಾಸಣೆ ತೆಗೆದುಹಾಕಿದರೆ ಇಷ್ಟೂ ಕೂಡಿಬರುವ ಹುಡುಗಿ ಸ್ವಂತ ಮನೆಯಲ್ಲಿ ಬಿಟ್ಟು ಇನ್ನೆಲ್ಲಿ ಇರುತ್ತಾಳೆ?

ಬುದ್ಧಿಯಿದ್ದವನು ಅಲ್ಲಿಗೆ ಪ್ಲಗ್ ಕೀಳುತ್ತಿದ್ದ. ನಾನು, "ಇದೊಂದು ಸಣ್ಣ ತಾಂತ್ರಿಕ ವ್ಯತ್ಯಾಸ," ಎಂದು ಹೇಳಿ 'ಮುಂದಿನ ಜೋಡಿ' ಒತ್ತಿದೆ. ಅದೂ ಮಿಂಚಿನ ಹಾಗೆಯೇ ಬಂತು. ವೇಗದ ವಿಷಯದಲ್ಲಿ ಬೀಗತನವನ್ನು ಯಾರೂ ದೂರುವಂತಿರಲಿಲ್ಲ. ಈ ಸಲದ ಹುಡುಗಿ ಮೂರನೇ ಸಾಲಿನಲ್ಲಿದ್ದಳು, ಗಂಡನ ಪಕ್ಕದಲ್ಲಿ. ತೊಡೆಯ ಮೇಲಿದ್ದ ಕೂಸಿಗೆ ಬಿಸ್ಕತ್ ತಿನ್ನಿಸುತ್ತಿದ್ದಳು. ಹೋದ ಸಮಾವೇಶದಲ್ಲಿ ಬೀಗತನವೇ ಕೂಡಿಸಿದ ಜೋಡಿ ಅದು.

ಗಂಡ ನಿಧಾನವಾಗಿ ಎದ್ದ. ಗಟ್ಟಿಮುಟ್ಟಾದ ಆಳು, ಟ್ರ್ಯಾಕ್ಟರ್ ಓಡಿಸುವವನು.

"ಏನ್ರಿ ಸರ," ಎಂದ ಸಮಾಧಾನವಾಗಿ, "ಕೊಟ್ಟಿದ್ದು ವಾಪಸ್ ತಗಂತೀರೇನು?"

ಮಂಟಪ ಬಿದ್ದು ಬಿದ್ದು ನಕ್ಕಿತು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನೋಡಿದರು. ನಾದಸ್ವರ ನಿಲ್ಲುತ್ತಲೇ ಇರಲಿಲ್ಲ. ಅದನ್ನು ನಿಲ್ಲಿಸುವ ಗುಂಡಿ ಮಾಡುವುದು ನನಗೆ ಮರೆತುಹೋಗಿತ್ತು. ಕೊನೆಗೆ ಗಿರಿಜಾ ವೇದಿಕೆ ಹತ್ತಿ ಬಂದು ಪ್ಲಗ್ ಕಿತ್ತಳು.

ಹಾಲೇಶಪ್ಪನವರು ಮೈಕ್ ಬದಿಗಿಟ್ಟು ನನ್ನನ್ನು ಹತ್ತಿರ ಕರೆದರು.

"ಪ್ರಕಾಶಾ, ನಿಂದು ಮೊದ್ಲು ಬೆಡಗು ನೋಡ್ತಿತ್ತಲ್ಲೋ?"

"ನೋಡ್ತಿತ್ತು ಅಣ್ಣಾ."

"ಈಗ್ಯಾಕ ನೋಡ್ವಲ್ದು?"

"ವೇಗ ಆಗ್ಲಿ ಅಂತ..."

"ಮದುವಿಗೆ ಯಾತರ ವೇಗೋ ತಮ್ಮಾ? ಓಡಿ ಹೋಗೋರು ನಮ್ಮ ಕೇಂದ್ರಕ್ಕ ಯಾಕ ಬರ್ತಾರ?" ಅವರು ನಿಟ್ಟುಸಿರು ಬಿಟ್ಟರು. "ಹೋಗ್ಲಿ. ಮಷಿನ್ ಉಮಾಪತಿದು ಇರ್ಲಿ. ಬೆಡಗು, ನಂಟು ಎಲ್ಲಾ ಗಿರಿಜಮ್ಮ ನೋಡ್ಕಳ್ಳಿ. ಅಕಿ ಕೇಳಿ ಬರದಿದ್ದು ಒಂದೂ ತಪ್ಪಿಲ್ಲ. ನೀನು..."

ನನಗೆ ಒಪ್ಪುವ ಹುದ್ದೆಗಾಗಿ ಅವರು ಸ್ವಲ್ಪ ಹುಡುಕಿದರು.

"ನೀನು ಅರ್ಜಿ ಜೆರಾಕ್ಸ್ ಮಾಡ್ಕೊಡು."

ಆ ಪ್ರಕಾರವೇ ಈಗ ನಡೆಯುತ್ತಿದೆ. ವಾರಕ್ಕೊಮ್ಮೆ ಗಿರಿಜಾ ಸೊರಬಕ್ಕೆ ಹೋಗಿ ಥಟ್ ತಾಳಿಯ ವಿವರ ತಿದ್ದಿ ಬರುತ್ತಾಳೆ. ಬಸ್‌ಸ್ಟ್ಯಾಂಡಿನ ತನಕ ಬೈಕಿನಲ್ಲಿ ಬಿಡುವ ಹೊಣೆ ನನ್ನದು. ಬೋರ್ಡಿನ ದೊಡ್ಡಕ್ಷರಗಳನ್ನು ಅಳಿಸಲು ಪೇಂಟರ್ ಬಂದಾಗ, ಚಿಕ್ಕದನ್ನು ಈಗ ದೊಡ್ಡದಾಗಿ ಬರೆಯಲೇ ಎಂದು ಕೇಳಿದ. ಇದ್ದ ಹಾಗೆ ಇರಲಿ, ಎಲ್ಲರಿಗೂ ಓದಿ ಅಭ್ಯಾಸವಿದೆ, ಎಂದೆ. ನಾದಸ್ವರ ಸಮೇತ ಆ ಎರಡು ಜೋಡಿಗಳ ವಿಡಿಯೊ ಉಮಾಪತಿಯ ಬಾಳೆಹಣ್ಣನ್ನು ಮೀರಿಸಿ ಓಡುತ್ತಿದೆ. ಷಡ್ಡಕ ಈಗ ಒಂದು ಸಾಲು ತುಂಬ ಮುಖ ಹಾಕಿದ್ದಾನೆ. ಅಂತೂ ಒಂದರಲ್ಲಿ ಉಮಾಪತಿಯನ್ನು ಸೋಲಿಸಿದೆ.

ಮೊನ್ನೆ ಉಮಾಪತಿ ಗಿರಿಜಾಳ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಕಳಿಸಿದ್ದ. 'ಗುರುಗಳಿಗೆ' ಎಂದು ಹೇಳಿ ಕಳಿಸಿದನಂತೆ. ಪಚ್ಚಬಾಳೆಯೇ. ಎಸೆಯಬೇಕು ಎಂದುಕೊಂಡೆ. ಆದರೆ ಹಣ್ಣು ಒಳ್ಳೆಯದಿತ್ತು. ಜಗಲಿಯಲ್ಲಿ ಕೂತು, ನಡೆದದ್ದನ್ನೆಲ್ಲ ನೆನೆಯುತ್ತಾ ಒಂದನ್ನು ನಿಧಾನವಾಗಿ ಸುಲಿದು ತಿಂದೆ.

ಗಿರಿಜಾ ಬಾಗಿಲಲ್ಲಿ ನಿಂತು ಒಮ್ಮೆ ನನ್ನನ್ನೂ ಒಮ್ಮೆ ಗೋಡೆಯ ಗಡಿಯಾರವನ್ನೂ ನೋಡುತ್ತಿದ್ದಳು. ಕೊನೆಗೆ ಸಿಪ್ಪೆ ಇಸಿದುಕೊಳ್ಳಲು ಕೈ ಚಾಚಿದಳು.

"ನಿಮಗಿಂತ ಬೀಗತನಾನೇ ವಾಸಿ ಇತ್ತು ಬಿಡ್ರಿ," ಅಂದಳು.